ಮುಳ್ಳು ಒತ್ತಿದ ಗಾಳ

ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಾರೆ. ನಾನು ಕಂಡದ್ದನ್ನು ಬರೆಯುತ್ತೇನೆ. ಹೆಸರು ಹಾಕುವುದಿಲ್ಲ, ಅವನ ಹೆಂಡತಿ ಬೇಡ ಅಂದಿದ್ದಾಳೆ. ಊರಲ್ಲಿ ಅವನ ತಾಯಿ ಇನ್ನೂ ಇದ್ದಾರೆ. ಮಗ ಮೀನು ಹಿಡಿಯುತ್ತಿದ್ದ ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ವಿಜಯಪುರದ ಕಡೆಯ ಲಿಂಗಾಯತರು. ಮೊಟ್ಟೆ ಒಡೆದ ಬಾಣಲೆಯನ್ನು ಕೂಡ ಹೊಸ್ತಿಲು ದಾಟಿಸದ ಮನೆ.

ನಾನು ಮಲ್ಪೆ ಕಡೆಯವಳು. ಬುಟ್ಟಿ ಹೊತ್ತು ಮೀನು ಮಾರಿ ಮಗಳನ್ನು ಓದಿಸಿದವಳು. ಈಗ ಆ ಮಗಳ ಜೊತೆ ಡಚ್ಚರ ದೇಶದ ವಾಗೆನಿಂಗನ್‌ನಲ್ಲಿ ಇದ್ದೇನೆ. ಅವಳು ಕೆಲಸ ಮಾಡುವ ಲ್ಯಾಬಿನಲ್ಲೇ ಅವನ ಹೆಂಡತಿಯೂ ಇದ್ದಾಳೆ. ಹಾಗೆ ಪರಿಚಯ.

ಮೊದಲ ಸಲ ಗಂಡ ಹೆಂಡತಿ ನಮ್ಮ ಮನೆಗೆ ಊಟಕ್ಕೆ ಬಂದ ದಿನ ನಾನು ನೋಡಿದ್ದು ಅವನ ಮುಖವನ್ನಲ್ಲ, ಕಾಲನ್ನು. ಬಲಗಾಲು ಮೇಜಿನ ಅಡಿಯಲ್ಲಿ ಹೊಲಿಗೆ ಯಂತ್ರ ತುಳಿದ ಹಾಗೆ ಕುಣಿಯುತ್ತಿತ್ತು. ಸಾರಿನ ಬಟ್ಟಲು ನಡುಗುತ್ತಿತ್ತು, ಚಮಚ ತಟ್ಟೆಗೆ ಬಡಿದು ಟಿಣಿಟಿಣಿ ಅನ್ನುತ್ತಿತ್ತು.

"ಎಂತ ಮಾರಾಯ, ಮೊದಲು ದರ್ಜಿ ಕೆಲಸದಲ್ಲಿ ಇದ್ದೆಯಾ?" ಅಂತ ಕೇಳಿದೆ.

ಮಗಳು ನನ್ನನ್ನು ನೋಡಿ ಕಣ್ಣು ದೊಡ್ಡದು ಮಾಡಿದಳು. ಅವನು ನಕ್ಕು ತೊಡೆಯನ್ನು ಕೈಯಿಂದ ಒತ್ತಿ ಹಿಡಿದ. ಕೈ ತೆಗೆದದ್ದೇ ಕಾಲು ಮತ್ತೆ ಶುರು.

ಐವತ್ತು ದಾಟಿದ ಗಂಡಸು. ತೆಳ್ಳಗೆ, ಕನ್ನಡಕ, ಅರ್ಧ ಬೋಳು. ಆಮರ್ಸ್‌ಫೋರ್ಟಿನಲ್ಲಿ ಕಂಪ್ಯೂಟರ್ ಕೆಲಸ. ಎಲ್ಲೋ ಯಾವುದೋ ಯಂತ್ರ ಕೆಟ್ಟರೆ ಇವನ ಫೋನು ಹೊಡೆದುಕೊಳ್ಳಬೇಕು, ಇವನು ಎದ್ದು ಸರಿ ಮಾಡಬೇಕು. ಹಾಗೇ ವರ್ಷಗಟ್ಟಲೆ. ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವನಿಗೆ ಯಾವ ರೈಲು ಹತ್ತಬೇಕು ಅನ್ನುವುದೇ ಮರೆತುಹೋಯಿತಂತೆ. ದಿನಾ ಹತ್ತುವ ರೈಲು. ಬೆಂಚಿನ ಮೇಲೆ ಕೂತು ಅತ್ತನಂತೆ. ಕಂಪನಿ ಡಾಕ್ಟರು ಅವನನ್ನು ಮನೆಯಲ್ಲಿ ಕೂರಿಸಿದರು. ಈ ದೇಶದಲ್ಲಿ ಇದೊಂದು ಒಳ್ಳೆಯದುಂಟು, ತಲೆ ದಣಿದರೂ ಕಾಲು ಮುರಿದವರಿಗೆ ಕೊಟ್ಟ ಹಾಗೆಯೇ ರಜೆ ಕೊಡುತ್ತಾರೆ. ಫೋನು ಮನೆಯಲ್ಲಿ ಇಟ್ಟು ನೀರಿನ ಹತ್ತಿರ ಹೋಗಿ ಕೂತುಕೊಳ್ಳಿ ಅಂದರಂತೆ ಆ ಡಾಕ್ಟರು.

ನೀರಿಗೇನು ಇಲ್ಲಿ ಕಡಿಮೆಯೇ? ಮನೆ ಹಿಂದೆ ಕಾಲುವೆ, ಮುಂದೆ ಕಾಲುವೆ. ಹೋಗಿ ಕೂತ. ಕೂತರೆ ಆಗಲಿಲ್ಲ. ಎದ್ದ, ನಡೆದ, ಮತ್ತೆ ಕೂತ. ಬಾತುಕೋಳಿ ಎಷ್ಟು ಹೊತ್ತು ನೋಡುತ್ತಾರೆ ಯಾರಾದರೂ? ಆಮೇಲೆ ಒಂದು ದಿನ ಯಾರೋ ಡಚ್ಚಿನವನು ಗಾಳ ಹಾಕಿ ಕೂತದ್ದನ್ನು ನೋಡಿದನಂತೆ. ನೀರಿನ ಮೇಲೆ ದಾರಕ್ಕೆ ಕಟ್ಟಿದ ಕೆಂಪು ಬೆಂಡು. ಅದನ್ನೇ ನೋಡುತ್ತಾ ನಿಂತನಂತೆ. ಮನೆಗೆ ಬಂದ ಮೇಲೆ ಗೊತ್ತಾಯಿತಂತೆ, ಅಷ್ಟು ಹೊತ್ತು ಕಾಲು ಅಲ್ಲಾಡಲೇ ಇಲ್ಲ ಅಂತ.

ಮಾರನೇ ವಾರ ಅವನೇ ಮೀನು ಹಿಡಿಯುವ ಪಾಸು ಮಾಡಿಸಿ ಗಾಳದ ಕೋಲು ಕೊಂಡ.

ಹೆಂಡತಿ ಬಾಯಿ ಜೋರಿನವಳು, ಮನಸ್ಸು ಒಳ್ಳೆಯದು. ಅವಳಿಗೆ ಎರಡೂ ಸಂಕಟ. ಗಂಡ ಅಲ್ಲಿ ಕೂತರೆ ನೆಟ್ಟಗಿರುತ್ತಾನೆ, ಆದರೆ ಮಾಡುವ ಕೆಲಸ ಜೀವಹಿಂಸೆ. ಕಡೆಗೆ ಒಂದು ದಿನ ಹೇಳಿಬಿಟ್ಟಳು, "ಹಿಡದು ಹೊಳ್ಳಿ ನೀರಿಗೆ ಬಿಡ್ತೀನಿ ಅಂತೀರಿ, ಆತು. ಆದ್ರ ನಿಮ್ಮ ಕೈಯಾಗ ಒಂದ ಮೀನ ಸತ್ತರೂ ಅವತ್ತಿಗೆ ಮುಗೀತು." ಇವನು ಕೊರಳ ಲಿಂಗ ಮುಟ್ಟಿ, "ಒಂದ ಸತ್ತರ ಮತ್ತ ಕೋಲು ಹಿಡಿಯಂಗಿಲ್ಲ" ಅಂದ. ಅವಳು ಅಷ್ಟು ದೂರ ಕೇಳಿರಲಿಲ್ಲ. ಅವನೇ ಆಣೆ ಇಟ್ಟ.

ಅಲ್ಲಿಂದ ಅವನಿಗೆ ಗಾಳದ ಹುಚ್ಚು ಹಿಡಿಯಿತು. ಒಂದು ಮೀನು ಸತ್ತರೆ ಆ ನೀರೂ ಇಲ್ಲ, ಬೆಂಡೂ ಇಲ್ಲ, ಮತ್ತೆ ರೈಲ್ವೆ ಸ್ಟೇಷನ್ನಿನ ಬೆಂಚು. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಸ್ವಲ್ಪ ದಿನಕ್ಕೆ ನನಗೂ ಗೊತ್ತಾಯಿತು.

ನನ್ನನ್ನು ಹುಡುಕಿಕೊಂಡು ಅವನು ಬಂದದ್ದು ಚಳಿಗಾಲ ಶುರುವಾದ ಮೇಲೆ. ಬಾಗಿಲಲ್ಲಿ ನಿಂತಿದ್ದಾನೆ, ಕೈ ಉದ್ದಕ್ಕೆ ಚಾಚಿದ್ದಾನೆ, ಎರಡು ಬೆರಳಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಮುಖ ಆ ಕಡೆ. ಒಳಗೆ ಏನುಂಟು ಅಂತ ನನಗೆ ನೋಡುವುದು ಬೇಕಾಗಲಿಲ್ಲ. ಬೂತಾಯಿ. ಐಸಿನಲ್ಲಿಟ್ಟು ವಾರವಾದ ಬೂತಾಯಿ ಮೀನು.

"ಆಯಿ, ಒಂದ ಕೆಲಸ ಐತ್ರಿ. ನೀವ ಮಾಡಬೇಕು."

"ಸಾರು ಮಾಡಬೇಕಾ?"

"ಅಯ್ಯೋ ಶಿವನ. ಅಲ್ರಿ. ಇದನ್ನ ಗಾಳಕ್ಕ ಕಟ್ಟಬೇಕ್ರಿ. ನನಗ ಮುಟ್ಟಾಕ ಆಗವಲ್ತು."

ಸ್ನೂಕು ಅನ್ನುತ್ತಾರೆ ಇಲ್ಲಿ ಆ ಮೀನಿಗೆ. ಹಸಿರು ಮೈ, ಹಳದಿ ಚುಕ್ಕೆ, ಬಾತುಕೋಳಿಯ ಹಾಗೆ ಚಪ್ಪಟೆ ಮೂತಿ. ಬಾಯಿ ತೆರೆದರೆ ಒಳಗೆಲ್ಲ ಹಿಂದಕ್ಕೆ ಬಾಗಿದ ಹಲ್ಲು. ಬೇರೆ ಮೀನನ್ನು ತಿಂದು ಬದುಕುವ ಮೀನು. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಅದಕ್ಕೆ ಮೊದಲೇ ಉಸಿರು ಸಾಲುವುದಿಲ್ಲ, ಆಗ ಹಿಡಿಯಲೇಬಾರದು ಅನ್ನುವುದು ಅವನ ಲೆಕ್ಕ. ಮಳೆ ಚಳಿ ಶುರುವಾದಾಗ ತಗಡಿನ ಮೀನು, ರಬ್ಬರಿನ ಮೀನು ತೋರಿಸಿ ಹಿಡಿಯುತ್ತಿದ್ದ. ಆದರೆ ನೀರು ಪೂರಾ ತಣ್ಣಗಾದ ಮೇಲೆ ಸ್ನೂಕು ಸೋಮಾರಿಯಾಗಿ ತಳದಲ್ಲಿ ಬಿದ್ದಿರುತ್ತದೆ, ತಗಡಿನ ಬೆನ್ನು ಹತ್ತುವುದಿಲ್ಲ. ವಾಸನೆ ಬರುವ ನಿಜ ಮೀನೇ ಬೇಕು. ಜೀವಂತ ಮೀನನ್ನು ಕಟ್ಟಬಾರದು ಅಂತ ಇಲ್ಲಿ ಕಾನೂನು. ಸತ್ತದ್ದನ್ನು ಕಟ್ಟಬೇಕು. ಅಲ್ಲಿಗೆ ನಮ್ಮ ಶರಣರು ಸಿಕ್ಕಿಬಿದ್ದರು.

"ಅಷ್ಟು ದೊಡ್ಡ ಸ್ನೂಕನ್ನು ಅಪ್ಪಿ ಹಿಡಿಯುತ್ತೀಯಂತೆ, ಇದೊಂದು ಬೆರಳುದ್ದದ ಬೂತಾಯಿಗೆ ಹೆದರುವುದಾ?"

"ಅದಕ್ಕ ಜೀವ ಇರತೈತ್ರಿ. ಜೀವ ಇದ್ದದ್ದಕ್ಕ ಏನೂ ಅನ್ಸಂಗಿಲ್ಲ. ಸತ್ತದ್ದು ಮುಟ್ಟಿದ್ರ ಮೈ ಜುಮ್ ಅಂತೈತಿ."

ನನಗೆ ನಗು ಬಂತು. ನನ್ನದು ಪೂರಾ ಉಲ್ಟಾ. ನಮ್ಮಲ್ಲಿ ಕಡಲಿಗೆ ಹೋಗುವುದು ಗಂಡಸರು, ಮಾರುವುದು ಹೆಂಗಸರು. ನನ್ನ ಕೈಗೆ ಬಂದ ಮೀನೆಲ್ಲ ಸತ್ತೇ ಬಂದದ್ದು. ಬಂಗುಡೆ, ಕಾಣೆ, ಅಂಜಲ್, ಯಾವುದೇ ಇರಲಿ, ಕಣ್ಣು ನೋಡಿ ಕಿವಿರು ಎತ್ತಿ ಯಾವಾಗ ಸತ್ತದ್ದು ಅಂತ ಹೇಳುತ್ತೇನೆ. ಗಾಳ ಹಿಡಿದವಳಲ್ಲ ನಾನು. ಜೀವ ಇರುವ ಮೀನು ನನಗೆ ಪರಿಚಯವೇ ಇಲ್ಲ.

"ಅಲ್ಲ ಮಾರಾಯ, ತಿನ್ನುದಿಲ್ಲ ಅಂದ್ಮೇಲೆ ಹಿಡಿಯುದು ಎಂತಕ್ಕೆ? ನನಗೆ ಅದೊಂದು ಹೇಳು."

ಅವನು ಚೀಲವನ್ನು ಇನ್ನಷ್ಟು ನನ್ನ ಕಡೆ ಚಾಚಿದ. ಆ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಂದು ಸಲ, "ನೀವು ಗುಡಿಗೆ ಹೋದ್ರ ದೇವರನ್ನ ಮನೀಗೆ ತರ್ತೀರೇನ್ರಿ?" ಅಂದ. ಅದೆಲ್ಲ ಮಾತಿನ ಚಂದ. ನಾನು ಒಪ್ಪಲಿಲ್ಲ. ದೇವರ ಬಾಯಿಗೆ ಯಾರೂ ಗಾಳ ಹಾಕುವುದಿಲ್ಲ ಅಂದೆ.

ಆದರೆ ಕೆಲಸ ಒಪ್ಪಿಕೊಂಡೆ. ಮಗಳು ಲ್ಯಾಬಿಗೆ, ಅಳಿಯ ಆಫೀಸಿಗೆ ಹೋದರೆ ನಾನು ಮನೆಯಲ್ಲಿ ಒಬ್ಬಳೇ. ಜೀವಮಾನವೆಲ್ಲ ನಿಂತು, ನಡೆದು, ಕೂಗಿ ಬದುಕಿದವಳನ್ನು ಸೋಫಾದಲ್ಲಿ ಕೂರಿಸಿ ಟೀವಿ ಹಾಕಿಕೊಟ್ಟರೆ ಆಗುತ್ತದೆಯೇ? ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಿ ತಿರುಗಿ ನೆಲ ಸವೆದಿತ್ತು. ಅವನಿಗೆ ಕಾಲಿನಲ್ಲಿದ್ದ ಕಾಯಿಲೆ ನನಗೆ ಮೈಯೆಲ್ಲ ಇತ್ತು.

ಅಂದಿನಿಂದ ನಾನೂ ಕಾಲುವೆಗೆ. ಅಳಿಯನ ಹಳೇ ಕೋಟು, ಸೀರೆಯ ಒಳಗೆ ಉಣ್ಣೆಯ ಚಡ್ಡಿ, ತಲೆಗೆ ಮಂಕಿ ಟೋಪಿ. ನಾಯಿ ಹಿಡಿದು ಹೋಗುವ ಡಚ್ಚಿನವರು "ಮೊರ್ಗೆನ್" ಅಂತ ನಮಸ್ಕಾರ ಹೇಳಿ ಇನ್ನೊಮ್ಮೆ ತಿರುಗಿ ನೋಡುತ್ತಿದ್ದರು.

ಅವನ ಗಾಳದ ಪೆಟ್ಟಿಗೆ ನೋಡಬೇಕಿತ್ತು. ಅಂಗಡಿಯಲ್ಲಿ ಕೊಟ್ಟದ್ದನ್ನು ಹಾಗೇ ಯಾವತ್ತೂ ಕಟ್ಟಿದವನಲ್ಲ. ಗಾಳದ ಮೊನೆಯ ಪಕ್ಕ ಹಿಂದಕ್ಕೆ ಮುಖ ಮಾಡಿದ ಸಣ್ಣ ಮುಳ್ಳು ಇರುತ್ತದಲ್ಲ, ಚುಚ್ಚಿದ ಮೇಲೆ ಹೊರಗೆ ಬಾರದ ಹಾಗೆ ಹಿಡಿಯುವುದು ಅದೇ. ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಒತ್ತಿ ಸಪಾಟು ಮಾಡುತ್ತಿದ್ದ. ಆಮೇಲೆ ಬೆರಳು ಸವರಿ ನೋಡುವುದು, ಕರವಸ್ತ್ರಕ್ಕೆ ಸಿಕ್ಕಿಸಿ ಎಳೆದು ನೋಡುವುದು. ಒಂದು ನೂಲು ಸಿಕ್ಕರೂ ಮತ್ತೆ ಇಕ್ಕಳ. ಮದುವೆಗೆ ಹೋಗುವವರು ಸೀರೆ ಆರಿಸಿದಷ್ಟು ಹೊತ್ತು ಒಂದು ಗಾಳ ಆರಿಸಲಿಕ್ಕೆ. ತೀರಾ ಸಣ್ಣದಾದರೆ ಮೀನು ನುಂಗಿಬಿಡುತ್ತದೆ, ತೀರಾ ದೊಡ್ಡದಾದರೆ ಕಣ್ಣಿಗೇ ತಾಗುತ್ತದೆ.

"ಹೀಗೆ ಮಾಡಿದರೆ ಮೀನು ಕಳಚಿಕೊಂಡು ಹೋಗುವುದಿಲ್ಲವಾ?"

"ಹೋಗತೈತ್ರಿ."

"ಹೋಗಲಿ ಅಂತ ಮಾಡುವುದಾ?"

"ಹೋಗೂದಾದ್ರ ಹೋಗಲಿ. ಒಳಗ ಸಿಕ್ಕೊಂಡು ಉಳೀಬಾರ್ದು ನೋಡ್ರಿ."

ನನ್ನ ಗಂಡ ದೋಣಿಯವನು. ಗಾಳಕ್ಕೆ ಮೀನು ತಾಗಿದರೆ, "ಅವಸರ ಮಾಡಬೇಡ, ನುಂಗಲಿ, ಹೊಟ್ಟೆಗೆ ಇಳಿಯಲಿ" ಅನ್ನುತ್ತಿದ್ದ. ಇವನದು ಅದರ ತಿರುಗಾಮುರುಗಾ. ಬೆಂಡು ಒಂದು ಚೂರು ಅಲ್ಲಾಡಿತೋ ಇಲ್ಲವೋ, ಎಳೆಯಬೇಕು. ಆಗ ಗಾಳ ತುಟಿಯ ಅಂಚಿನಲ್ಲಿ ಸಿಗುತ್ತದೆ. ತಡ ಮಾಡಿದರೆ ಗಂಟಲಿಗೆ, ಅಲ್ಲಿಂದ ಕಿವಿರಿಗೆ. ಅಂಗಡಿಯವರು ಒಂದು ಬೂತಾಯಿಗೆ ಮೂರು ಕವಲಿನ ಗಾಳ ಎರಡು ಕಟ್ಟಿ ಅನ್ನುತ್ತಾರೆ. ಇವನು ಒಂದೇ ಕಟ್ಟಿಸುತ್ತಿದ್ದ, ಅದೂ ಬಾಲದ ಕಡೆ, ಕಿತ್ತು ಬರುವ ಹಾಗೆ ಸಡಿಲಾಗಿ. ದಾರದ ತುದಿಗೆ ಉಕ್ಕಿನ ತಂತಿ, ಸ್ನೂಕು ಹಲ್ಲಿನಿಂದ ದಾರ ಕತ್ತರಿಸಿಕೊಂಡು ಗಾಳದ ಸಮೇತ ಹೋಗಿ ಸಾಯಬಾರದು ಅಂತ. ದಾರ ದಪ್ಪ, ಬೇಗ ಎಳೆದು ಬೇಗ ಬಿಡಬೇಕು, ಆಡಿಸಿ ಆಡಿಸಿ ಸುಸ್ತು ಮಾಡಬಾರದು ಅಂತ. ಬಲೆ ರಬ್ಬರಿನದು, ಮೈಯ ಲೋಳೆ ಕಿತ್ತುಹೋಗಬಾರದು. ದಡದಲ್ಲಿ ಒದ್ದೆ ಚಾಪೆ. ಉದ್ದ ಮೂತಿಯ ಇಕ್ಕಳ. ಗಾಳ ಕತ್ತರಿಸುವ ಕಟ್ಟರು. ನಾನು ಎರಡು ಮಕ್ಕಳನ್ನು ಹೆತ್ತಾಗಲೂ ಸೂಲಗಿತ್ತಿ ಇಷ್ಟು ಸಾಮಾನು ತಂದಿರಲಿಲ್ಲ. ಹೇಳಿದೆ ಅವನಿಗೆ. ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡ.

ಒಂದು ದಿನ ಮಗಳು ಬೇಗ ಮನೆಗೆ ಬಂದು ಅಡುಗೆಮನೆಯಲ್ಲಿ ಕೂಗಿಕೊಂಡಳು. ಎಣ್ಣೆಗಾಯಿಗೆ ತಂದಿಟ್ಟ ಬದನೆಕಾಯಿಗೆಲ್ಲ ಇವನು ಗಾಳ ಸಿಕ್ಕಿಸಿ ಕೂತಿದ್ದ. ಮುಳ್ಳಿದ್ದದ್ದು ಹೇಗೆ ಹರಿಯುತ್ತದೆ, ಮುಳ್ಳು ಒತ್ತಿದ್ದು ಹೇಗೆ ಜಾರುತ್ತದೆ ಅಂತ ಪರೀಕ್ಷೆ. ಮುಳ್ಳಿದ್ದ ಗಾಳ ಎಳೆದಾಗ ಸಿಪ್ಪೆಯ ಜೊತೆ ಒಳಗಿನ ತಿರುಳೂ ಬಂತು. ಒತ್ತಿದ್ದು ಬಂದ ಮೇಲೆ ಬರೀ ಒಂದು ತೂತು.

"ಅಂಕಲ್, ಇದು ಬದನೆಕಾಯಿ!" ಅಂದಳು ಮಗಳು.

"ಬದನಿಕಾಯಿ ಆದ್ರೂ ನೋಡವ್ವಾ, ಎಷ್ಟ ಫರಕ್ ಐತಿ," ಅಂತ ಅವಳ ಮುಖಕ್ಕೇ ಹಿಡಿದ. ಅವತ್ತು ಎಣ್ಣೆಗಾಯಿಗೆ ಮಸಾಲೆ ತುಂಬಿದರೆ ಎಲ್ಲ ಕಡೆಯಿಂದ ಸೋರಿತು. ಎರಡು ಸಲ ಹಾಕಿಸಿಕೊಂಡು ತಿಂದ.

ಮನುಷ್ಯ ತಾಳ್ಮೆಯವನು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಗಡಿಯಲ್ಲಿ ಸಾಲು ನಿಧಾನವಾದರೆ ಬೆವರುತ್ತಿದ್ದ. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತಿದ್ದ, ಬಸ್ಸು ಅವನನ್ನು ದಾಟಿ ಹೋಗುತ್ತಿತ್ತು. ಮಾತು ಕೂಡ ಹಾಗೇ, ನಾವು ಹೇಳುವುದು ಮುಗಿಯುವ ಮೊದಲೇ "ಹೌದ್ರಿ ಹೌದ್ರಿ" ಅನ್ನುವುದು. ಆದರೆ ಬೆಂಡು ನೀರಿಗೆ ಬಿದ್ದ ಮೇಲೆ ಬೇರೆ ಮನುಷ್ಯ. ನಾನು ಪಕ್ಕದಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳಿದರೂ ಕಣ್ಣು ಅಲ್ಲಿಂದ ಕೀಳುತ್ತಿರಲಿಲ್ಲ. ಸಿಕ್ಕ ಮೀನನ್ನು ಆದಷ್ಟು ನೀರಿನಲ್ಲೇ ಇಟ್ಟು ಬಾಗಿ ಇಕ್ಕಳದಿಂದ ಒಂದು ತಿರುವು, ಗಾಳ ಹೊರಗೆ. ಇಲ್ಲಿಯವರ ಹಾಗೆ ಫೋಟೋ ಇಲ್ಲ, ಮೀನಿಗೆ ಮುತ್ತು ಕೊಡುವುದಿಲ್ಲ. ಆ ಚಳಿಗಾಲ ಅವನು ಹಿಡಿದದ್ದೆಲ್ಲ ಹೋಯಿತು. ಒಂದೂ ಸಾಯಲಿಲ್ಲ. ಅವನ ಮುಖಕ್ಕೆ ಕಳೆ ಬಂತು, ಹೆಂಡತಿಯ ದನಿ ಇಳಿಯಿತು.

ಮುಖಕ್ಕೆ ಕಳೆ ಬಂದದ್ದೇ ತಪ್ಪಾಯಿತು. ಕಂಪನಿಯವರು, ಈಗ ಚೆನ್ನಾಗಿದ್ದೀರಲ್ಲ, ಅರ್ಧ ದಿನ ಬನ್ನಿ ಅಂದರು. ಹೋದ. ಅರ್ಧ ದಿನ ಪೂರ್ತಿ ದಿನವಾಯಿತು. ಫೋನು ಮತ್ತೆ ಜೇಬಿಗೆ ಬಂತು. ಮುಂದಿನ ಚಳಿಗಾಲಕ್ಕೆ ಶನಿವಾರ ಮಾತ್ರ ಕಾಲುವೆ, ಅದೂ ಫೋನಿನ ಸಮೇತ.

"ಅದನ್ನು ಮನೆಯಲ್ಲಿ ಬಿಟ್ಟು ಬಾ ಅಂತ ಡಾಕ್ಟರು ಹೇಳಿದ್ದಲ್ಲವಾ?"

"ಈ ವಾರ ನನ್ನ ಪಾಳಿ ಐತ್ರಿ ಆಯಿ. ಬರೇ ಆನ್ ಇಟ್ಟೀನಿ. ಯಾರೂ ಮಾಡಂಗಿಲ್ಲ."

ಮಾಡಿದರು. ದಡದ ಹುಲ್ಲೆಲ್ಲ ಬಿಳಿ ಹಿಮ ಹಿಡಿದು ನಿಂತ ಬೆಳಿಗ್ಗೆ ಅದು. ಫೋನು ಗುಂಯ್ ಅಂದದ್ದೂ ಬೆಂಡು ಸರಿದದ್ದೂ ಒಟ್ಟಿಗೇ. ಅವನು ಫೋನು ನೋಡಿದ. ನಾನು, "ಹೋಯ್, ಬೆಂಡು!" ಅಂದೆ. "ಹಾಂ, ಒಂದ ನಿಮಿಷ್ರಿ" ಅಂದ, ನನಗೋ ಫೋನಿಗೋ ಗೊತ್ತಿಲ್ಲ. ಬೆಂಡು ಮುಳುಗಿತು, ಅಡ್ಡಕ್ಕೆ ಹೋಯಿತು, ನಿಂತಿತು. ಅಷ್ಟರಲ್ಲಿ ಅವನು ಫೋನು ಬಿಸಾಕಿ ಎಳೆದ.

ಮೀನು ಜಗ್ಗಾಡಲಿಲ್ಲ. ಸುಮ್ಮನೆ ಬಂತು. ದೊಡ್ಡದು, ನನ್ನ ತೋಳಿಗಿಂತ ಉದ್ದ, ಮೊಟ್ಟೆ ತುಂಬಿದ ಹೆಣ್ಣು. ನೀರಿನಲ್ಲಿ ಅದರ ಹಿಂದೆ ಕೆಂಪು ಎಳೆ. ಒದ್ದೆ ಚಾಪೆಯ ಮೇಲೆ ಮಲಗಿಸಿ ಬಾಯಿ ತೆರೆದು ನೋಡಿದ, ಗಾಳ ಕಾಣಲಿಲ್ಲ. ಕಿವಿರಿನ ಮುಚ್ಚಳ ಎತ್ತಿದ, ಅಲ್ಲಿ ಇತ್ತು. ಕಟ್ಟರಿನಿಂದ ಒಂದೊಂದೇ ಕವಲು ಕತ್ತರಿಸಿ ತೆಗೆದ. ಮಾಡಬೇಕಾದ್ದನ್ನು ಸರಿಯಾಗಿಯೇ ಮಾಡಿದ. ರಕ್ತ ನಿಲ್ಲಲಿಲ್ಲ ಅಷ್ಟೇ. ನೀರಿಗೆ ಇಳಿಸಿ ಬಾಲದ ಬುಡ ಹಿಡಿದು ನಿಲ್ಲಿಸಿದ. ಬಿಟ್ಟರೆ ಮಗುಚುತ್ತಿತ್ತು. ಮತ್ತೆ ನಿಲ್ಲಿಸಿದ. ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ, ಬೂಟಿನೊಳಗೆ ನೀರು. ಅಷ್ಟು ಹೊತ್ತೂ ಹುಲ್ಲಿನಲ್ಲಿ ಆ ದರಿದ್ರ ಫೋನು ಗುಂಯ್ ಅನ್ನುತ್ತಲೇ ಇತ್ತು.

ಕಡೆಗೆ ನನ್ನನ್ನು ಕರೆದ. "ಆಯಿ, ನೋಡ್ರಿ. ಸತ್ತೈತೇನ್ರಿ?"

ಅವನಿಗೆ ಗೊತ್ತಿತ್ತು, ನಾನು ಏನು ಹೇಳಿದರೂ ತಾನು ಅದನ್ನೇ ನಂಬುವುದು ಅಂತ. ನನಗೂ ಗೊತ್ತಿತ್ತು. ಬದುಕಿದೆ, ಬಿಡು, ತಳಕ್ಕೆ ಹೋಗಿ ಸುಧಾರಿಸಿಕೊಳ್ಳುತ್ತದೆ ಅಂದಿದ್ದರೆ ಕೋಲು ಅವನ ಕೈಯಲ್ಲೇ ಉಳಿಯುತ್ತಿತ್ತು. ನಾನೇನು ಹರಿಶ್ಚಂದ್ರನ ಮನೆಯವಳಲ್ಲ. ನಿನ್ನೆಯ ಬಂಗುಡೆಯನ್ನು ಇವತ್ತಿನದು ಅಂತ ಬೇಕಾದಷ್ಟು ಮಾರಿದ್ದೇನೆ. ಆದರೆ ಸತ್ತದ್ದನ್ನು ಬದುಕಿದೆ ಅಂತ ಹೇಳುವುದು ಬೇರೆ ವ್ಯಾಪಾರ. ಅದು ನನಗೆ ಬರುವುದಿಲ್ಲ.

ಕಿವಿರು ಎತ್ತಿ ನೋಡಿದೆ. ಕಣ್ಣು ನೋಡಿದೆ.

"ಸತ್ತಿದೆ," ಅಂದೆ.

ಅವನು ತಲೆಯಾಡಿಸಿದ. ದಡಕ್ಕೆ ಬಂದು ಕೋಲಿನ ದಾರ ಬಿಚ್ಚಿ, ತುಂಡು ತುಂಡಾಗಿ ಕಳಚಿ ಚೀಲಕ್ಕೆ ಹಾಕಿದ.

"ಮೀನಾದರೂ ಮನೆಗೆ ಒಯ್ಯುವ. ಹಾಳು ಮಾಡುವುದು ಎಂತಕ್ಕೆ?"

"ಈ ನೀರಿನ ಸ್ನೂಕು ಒಯ್ಯಂಗಿಲ್ರಿ. ಸತ್ತರೂ ಇಲ್ಲೇ ಬಿಡಬೇಕಂತ ಕಾನೂನ ಐತಿ."

ಅಷ್ಟು ಮೀನನ್ನು ಜೊಂಡಿನಲ್ಲಿ ಬಿಟ್ಟು ಬಂದೆವು. ಕೊಕ್ಕರೆ ಆಗಲೇ ಬಂದು ಕಾಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

ಅವನೇ ಹೋಗಿ ಹೆಂಡತಿಗೆ ಹೇಳಿದ. ಅವಳು ನಿಂತಲ್ಲೇ ತನ್ನ ಮಾತು ವಾಪಸು ತೆಗೆದುಕೊಂಡಳು. "ನಾ ಸಿಟ್ಟಿಲೆ ಅಂದದ್ದು. ಹೋಗ್ರಿ, ಹಿಡೀರಿ, ನಾ ಏನೂ ಅನ್ನಂಗಿಲ್ಲ." ಅವನು, "ನೀ ಬಿಡ್ತಿ. ಲಿಂಗ ಮುಟ್ಟಿದಾಂವ ನಾನು" ಅಂದ. ಹತ್ತು ಸಲ ಹೇಳಿದಳು, ಹತ್ತು ಸಲ ಅದೇ ಉತ್ತರ. ಮುಳ್ಳು ಒತ್ತಿ ಒತ್ತಿ ಮೀನಿಗೆ ದಾರಿ ಮಾಡಿಕೊಟ್ಟವನು ತನಗೆ ಮಾತ್ರ ಮುಳ್ಳಿರುವ ಗಾಳವನ್ನೇ ಹಾಕಿಕೊಂಡಿದ್ದ.

ಒಂದು ತಿಂಗಳಲ್ಲಿ ಮನುಷ್ಯ ಒಣಗಿದ. ಕಾಲು ಮೊದಲಿಗಿಂತ ಜೋರು. ಶನಿವಾರ ಕಾಲುವೆಯ ಕಡೆ ಮುಖ ಹಾಕುತ್ತಿರಲಿಲ್ಲ, ಸುತ್ತು ಬಳಸಿ ಅಂಗಡಿಗೆ ಹೋಗುತ್ತಿದ್ದ. ಹೆಂಡತಿ ನನ್ನ ಹತ್ತಿರ ಬಂದು ಕೂತಳು. ಅಳುವ ಹೆಂಗಸಲ್ಲ, ಅಳಲೂ ಇಲ್ಲ. "ಮೊನ್ನೆ ಸ್ಟೇಷನ್ನಿಗೆ ಹೋಗಿ ಹಂಗ ಹೊಳ್ಳಿ ಬಂದ್ರು ಆಯಿ. ರೈಲು ಹತ್ತಲಿಲ್ಲ. ಏನಾರ ಮಾಡ್ರಿ" ಅಂದಳು.

ಏನು ಮಾಡುವುದು? ಮಗಳಿಗೆ ಹೇಳಿ ನನ್ನ ಹೆಸರಿನಲ್ಲಿ ಮೀನಿನ ಪಾಸು ಮಾಡಿಸಿದೆ. ಅವಳು ನನಗೆ ತಲೆ ಕೆಟ್ಟಿತು ಅಂದುಕೊಂಡಳು. ಪಾಸು ಬಂದ ದಿನ ಹಿಡಿದುಕೊಂಡು ಅವನ ಮನೆಗೆ ಹೋದೆ.

"ಆಣೆ ಯಾರದ್ದು?"

"ನಂದ್ರಿ."

"ಕೋಲು ಯಾರ ಕೈಯಲ್ಲಿ ಇರಬಾರದು?"

"ನನ್ನ ಕೈಯಾಗ."

"ಹಾಗಾದರೆ ನನ್ನ ಕೈಗೆ ಕೊಡು."

ಅವನು ನನ್ನನ್ನು ನೋಡಿದ, ಪಾಸು ನೋಡಿದ. "ಇದು ಕಳ್ಳದಾರಿ ಆಗತೈತ್ರಿ ಆಯಿ."

"ಯಾರ ದಾರಿ? ನಾನು ಮುದುಕಿ, ನನಗೆ ಹೊತ್ತು ಹೋಗುವುದಿಲ್ಲ, ಮೀನು ಹಿಡಿಯಬೇಕು ಅಂತ ಆಸೆಯಾಗಿದೆ. ಹೇಳಿಕೊಡುತ್ತೀಯೋ ಇಲ್ಲವೋ? ಇಲ್ಲದಿದ್ದರೆ ಅಂಗಡಿಗೆ ಹೋಗಿ ಅವರು ಕೊಟ್ಟ ಮುಳ್ಳಿನ ಗಾಳವನ್ನೇ ತರುತ್ತೇನೆ. ಎರಡೆರಡು ಕಟ್ಟುತ್ತೇನೆ. ನನ್ನ ಗಂಡ ಹೇಳಿದ ಹಾಗೆ ಹೊಟ್ಟೆಗೆ ಇಳಿಯುವವರೆಗೂ ಬಿಡುತ್ತೇನೆ."

ಆ ಮಾತು ತಾಗಿತು. ಎದ್ದು ನಿಂತ. ಕೂತ. ಮತ್ತೆ ಎದ್ದ.

"ಗಾಳ ನಾ ಆರಿಸ್ತೀನಿ," ಅಂದ.

"ಆರಿಸು."

"ನಾ ಎಳೀರಿ ಅಂದ ಕೂಡ್ಲೆ ಎಳೀಬೇಕು. ಹಿಂದ ಮುಂದ ನೋಡಂಗಿಲ್ಲ."

"ಆಯ್ತು ಮಾರಾಯ, ನೀನೇನು ಪೊಲೀಸಾ?"

ಬಾಗಿಲ ಹಿಂದೆ ಹೆಂಡತಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹೊರಗೆ ಬರಲಿಲ್ಲ, ಚಹಾಕ್ಕೆ ನೀರಿಟ್ಟ ಸದ್ದು ಬಂತು.

ಹೀಗೆ ನಾನು ಮುದಿವಯಸ್ಸಿನಲ್ಲಿ ಕೋಲು ಹಿಡಿದೆ. ಅವನು ಹಿಂದೆ ಒಂದು ಮಡಚುವ ಸ್ಟೂಲಿನ ಮೇಲೆ. ಮುಟ್ಟುತ್ತಿರಲಿಲ್ಲ, ಕೋಲಿನ ತುದಿ ಗಾಳಿಗೆ ಅವನ ಕಡೆ ವಾಲಿದರೂ ಪಕ್ಕಕ್ಕೆ ಸರಿಯುತ್ತಿದ್ದ. ಫೋನು ಮನೆಯಲ್ಲಿ, ಹೆಂಡತಿಯ ಸೆರೆಯಲ್ಲಿ. ಆಫೀಸಿನವರಿಗೆ ಅವಳೇ ಇಂಗ್ಲಿಷಿನಲ್ಲಿ ಏನೋ ಹೇಳಿ ಅವನನ್ನು ಆ ಪಾಳಿಯಿಂದ ಬಿಡಿಸಿದಳು. ಏನು ಹೇಳಿದಳು ಅಂತ ಕೇಳಿದರೆ, "ಅದನ್ನೆಲ್ಲಾ ಕೇಳಬ್ಯಾಡ್ರಿ ಆಯಿ" ಅಂತ ನಕ್ಕಳು.

ನಾನು ಕೆಟ್ಟ ಮೀನುಗಾರ್ತಿ. ಬೇಗ ಎಳೆದೆ, ತಡ ಎಳೆದೆ, ಅಡ್ಡ ಎಳೆದೆ. ದಾರ ಮರಕ್ಕೆ ಸುತ್ತಿತು, ಒಂದು ಸ್ನೂಕು ದಡದವರೆಗೆ ಬಂದು ನನ್ನ ಮುಖ ನೋಡಿ ಗಾಳ ಉಗುಳಿ ಹೋಯಿತು. ನನ್ನ ಬಾಯಲ್ಲಿ ತುಳುವಿನ ಬೈಗುಳ ಬಂತು. "ಏನಂದ್ರಿ?" "ಮಂತ್ರ ಹೇಳಿದೆ." ಪ್ರತಿ ಶನಿವಾರ ಇದೇ ಜಗಳ, ಇದೇ ನಗು. ಎರಡು ಚಳಿಗಾಲ ಹಾಗೇ ಹೋಯಿತು. ಸಾಯುವವರೆಗೂ ಅವನು ಕೋಲು ಮುಟ್ಟಲಿಲ್ಲ. ಸಾಯುವ ಹಿಂದಿನ ಶನಿವಾರವೂ ಕಾಲುವೆ ತಪ್ಪಿಸಲಿಲ್ಲ.

ಹೋದದ್ದು ಒಂದು ಸೋಮವಾರ ಬೆಳಿಗ್ಗೆ, ಮನೆಯಲ್ಲಿ, ಬೂಟು ಹಾಕಿಕೊಳ್ಳುತ್ತಾ. ಎದೆ ಹಿಡಿದುಕೊಂಡನಂತೆ, ಅಷ್ಟೇ. ಕನ್ನಡದವರೆಲ್ಲ ಸೇರಿ ಸಭೆ ಮಾಡಿದರು. ಟಿಲ್‌ಬರ್ಗಿನಿಂದ ಬಂದ ಒಬ್ಬರು, "ಸಂಸಾರಕ್ಕಾಗಿ ತಮ್ಮ ಮೆಚ್ಚಿನ ಹವ್ಯಾಸವನ್ನೇ ತ್ಯಾಗ ಮಾಡಿದ ಶಾಂತಮೂರ್ತಿ" ಅಂದರು. ನಾನು ಎದ್ದು ಹೇಳುವವಳಿದ್ದೆ, ಮಗಳು ಸೆರಗು ಹಿಡಿದು ಕೂರಿಸಿದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತ್ಯಾಗವೂ ಇಲ್ಲ, ಶಾಂತವೂ ಇಲ್ಲ.

ನನ್ನ ಕೈಗೆ ಮೊದಲ ಸ್ನೂಕು ಸಿಕ್ಕ ದಿನದ್ದೊಂದು ಹೇಳಿ ಮುಗಿಸುತ್ತೇನೆ. ಅವತ್ತು ಮಂಜು ಹಿಡಿದಿತ್ತು, ಆಚೆ ದಡ ಕಾಣುತ್ತಿರಲಿಲ್ಲ. "ಎಳೀರಿ!" ಅಂದ, ಎಳೆದೆ. ಕೋಲು ಬಾಗಿ ನನ್ನನ್ನೇ ನೀರಿಗೆ ಎಳೆಯುತ್ತದೆ ಅನ್ನಿಸಿತು. "ಬಿಡಬ್ಯಾಡ್ರಿ, ಸುತ್ರಿ, ಸುತ್ರಿ, ಶಾಬಾಷ್!" ಹಿಂದೆ ಅವನು ಕುಣಿಯುತ್ತಿದ್ದ. ಬಲೆಗೆ ತಂದ ಮೇಲೆ ಅವನು ಬಾಗಿ ನೋಡಿದ. ಗಾಳ ತುಟಿಯ ಮೂಲೆಯಲ್ಲಿ, ಅಂಗಿಯ ಗುಂಡಿಯ ಹಾಗೆ. ಇಕ್ಕಳ ತಾಗಿಸಿದ್ದೇ ಬಿದ್ದುಹೋಯಿತು.

"ಬರ್ರಿ, ನೀವ ಬಿಡ್ರಿ ಇದನ್ನ."

"ನೀನೇ ಬಿಡು. ನನಗೆ ಬೆನ್ನು ಬಾಗುವುದಿಲ್ಲ."

"ನಿಮ್ಮ ಮೀನ ಐತಿ. ಕೈ ಒದ್ದಿ ಮಾಡ್ಕೊಳ್ರಿ ಮೊದಲ."

ದಡದಲ್ಲಿ ಕೂತು ನೀರಿಗೆ ಕೈ ಹಾಕಿದೆ. ಒಂದು ಕೈ ಹೊಟ್ಟೆಯ ಅಡಿಗೆ, ಒಂದು ಕೈ ಬಾಲದ ಬುಡಕ್ಕೆ. ಎಷ್ಟು ಮೀನು ಈ ಕೈಯಲ್ಲಿ ಬಂದು ಹೋಗಿವೆಯೋ ಲೆಕ್ಕವಿಲ್ಲ, ಒಂದೂ ನನ್ನ ಕೈಯನ್ನು ತಿರುಗಿ ಒತ್ತಿರಲಿಲ್ಲ. ಇದು ಒತ್ತಿತು. ಕಿವಿರು ತೆರೆಯಿತು, ಮುಚ್ಚಿತು.

"ಹೋಗುವುದಿಲ್ಲವಲ್ಲ ಮಾರಾಯ ಇದು."

"ನೂಕಬ್ಯಾಡ್ರಿ. ಅದಕ್ಕ ಹೋಗಬೇಕನ್ನಿಸಿದಾಗ ಹೋಗತೈತಿ."

ಹೋಯಿತು. ಒಂದು ಸಲ ಬಾಲ ಬೀಸಿ ನನ್ನ ಮುಖಕ್ಕೆಲ್ಲ ನೀರು ಎರಚಿ ಹೋಯಿತು. ಅವನ ಕೈ ಹಿಡಿದು ಎದ್ದೆ. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡೆ. ಅವನು ನೀರನ್ನೇ ನೋಡುತ್ತಾ ನಿಂತಿದ್ದ.

"ಎಂತ ನೋಡುವುದು?"

"ಏನಿಲ್ರಿ."

"ಏನೂ ಇಲ್ಲದ್ದನ್ನು ಎಷ್ಟು ಹೊತ್ತು ನೋಡುತ್ತಿ? ಮನೆಗೆ ಹೋಗುವ."

"ಇನ್ನೊಂದೀಟ ಹೊತ್ತು ಆಯಿ."

ನನಗೆ ಕೈ ಮರಗಟ್ಟಿತ್ತು, ಸೀರೆ ಅಂಚು ಒದ್ದೆಯಾಗಿ ಕಾಲಿಗೆ ಅಂಟಿತ್ತು, ಉಚ್ಚೆ ಬೇರೆ ಬಂದಿತ್ತು. ಆದರೂ ನಿಂತೆ.